ಹದಿನೇಳು ಗಂಟೆಯ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ನಮ್ಮ ಹಾಸನ ಸೀಮೆಯಲ್ಲಿ ಈಗ ಯಾರನ್ನು ಕೇಳಿದರೂ ಕಿಲೋಮೀಟರಿನಲ್ಲಿ ಉತ್ತರ ಬರುವುದಿಲ್ಲ. "ಹದಿನೇಳು ಗಂಟೆ ಸಾರ್" ಎನ್ನುತ್ತಾರೆ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅಂಗಡಿಯಿಟ್ಟವರೂ, ಅರಕಲಗೂಡಿನ ಕಡೆ ಆಲೂಗೆಡ್ಡೆ ಹಾಗೂ ಹೊಗೆಸೊಪ್ಪು ಬೆಳೆಯುವ ರೈತರೂ, ಚನ್ನರಾಯಪಟ್ಟಣದಲ್ಲಿ ನಿವೃತ್ತರಾಗಿ ಮನೆ ಕಟ್ಟಿಕೊಂಡಿರುವ ನನ್ನಂತಹ ಮೇಷ್ಟರುಗಳೂ ಈ ಸಂಖ್ಯೆಯನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಮಗನೋ ಮಗಳೋ ಆ ಕಡೆ ನೆಲೆಸಿರುವ ಮನೆಗಳಲ್ಲಿ ಇದು ಒಂದು ಬಗೆಯ ಸಮಾಧಾನದ ಮಂತ್ರವೂ ಆಗಿದೆ. "ದೂರವೇನು ಮಹಾ, ಹದಿನೇಳು ಗಂಟೆ ತಾನೆ! ಹಿಂದೆ ಕಾಶಿಗೆ ಹೋಗಿಬರಲು ಎಷ್ಟು ತಿಂಗಳು ಬೇಕಾಗುತ್ತಿತ್ತು?"

ಈ ಲೆಕ್ಕದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಸಂಖ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಯಾವುದರ ಲೆಕ್ಕ ಎಂಬುದನ್ನು ಮರೆತು ನಾವು ಅದರ ಮೇಲೆ ದೊಡ್ಡ ದೊಡ್ಡ ತೀರ್ಮಾನಗಳನ್ನು ಕಟ್ಟುತ್ತಿದ್ದೇವೆ. ಅದನ್ನು ತುಸು ಬಿಡಿಸಿ ನೋಡೋಣವೆಂದು ಈ ಬರಹ. ಭೂಗೋಳ ಪಾಠ ಮಾಡಿದವನಾದ್ದರಿಂದ ಮೊದಲು ಸ್ವಲ್ಪ ಪಾಠವೇ ಬಂದೀತು, ಓದುಗರು ಸಹಿಸಿಕೊಳ್ಳಬೇಕು.

ನಮ್ಮ ಹಿರಿಯರು ದೂರವನ್ನು ಹೇಳುತ್ತಿದ್ದ ರೀತಿ ಬೇರೆಯಾಗಿತ್ತು. ಹರದಾರಿ, ಗಾವುದ ಎಂಬ ಮಾತುಗಳಿದ್ದವು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಆದರೆ ಹಳ್ಳಿಯ ಮಾತಿನಲ್ಲಿ ಅದಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿದ್ದುದು ಹೊತ್ತಿನ ಅಳತೆ. "ಬೆಳಿಗ್ಗೆ ತಂಗಳುಂಡು ಹೊರಟರೆ ಹೊತ್ತು ನೆತ್ತಿಗೇರುವಷ್ಟರಲ್ಲಿ ಸೇರುತ್ತೀಯೆ" ಎಂದರೆ ಅದು ಅಳತೆ. ಈ ಅಳತೆಯಲ್ಲಿ ಒಂದು ಜಾಣತನವಿತ್ತು. ಹೊಳೆ ತುಂಬಿದ್ದರೆ, ದಾರಿಯಲ್ಲಿ ಏರಿದ್ದರೆ, ಜೊತೆಯಲ್ಲಿ ಮಕ್ಕಳಿದ್ದರೆ, ಅದೆಲ್ಲವನ್ನೂ ಸೇರಿಸಿಕೊಂಡೇ ಹೇಳುತ್ತಿದ್ದರು. ಹೊಸ್ತಿಲಿನಿಂದ ಹೊಸ್ತಿಲಿಗೆ ಎಷ್ಟು ಹೊತ್ತು ಎಂಬುದೇ ಅವರಿಗೆ ದೂರವಾಗಿತ್ತು. ಈಗಿನ ಹದಿನೇಳು ಗಂಟೆಯಾದರೋ ರನ್‌ವೇಯಿಂದ ರನ್‌ವೇಗೆ ಮಾತ್ರ. ರನ್‌ವೇ ಮೇಲೆ ಯಾರೂ ಸಂಸಾರ ಮಾಡುವುದಿಲ್ಲ.

ಈ ಹದಿನೇಳರ ಮೂಲ ಎಲ್ಲಿಯದೆಂದು ನೋಡಿದರೆ, ನನ್ನ ಊಹೆಯಂತೆ ಅದು ನಮ್ಮ ಜನರ ಬಾಯಿಗೆ ಬಂದದ್ದು 2021ರ ಜನವರಿಯಲ್ಲಿ. ಆ ತಿಂಗಳ 9ರಂದು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಹೊರಟು ಎಲ್ಲಿಯೂ ಇಳಿಯದೆ ಬೆಂಗಳೂರು ಸೇರಿತು. ಎರಡು ನಗರಗಳ ನಡುವೆ ಅದು ಮೊದಲ ನೇರ ಹಾರಾಟ. ವಿಮಾನ ನಡೆಸಿದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅದರ ನಾಯಕಿ. ಉತ್ತರ ಧ್ರುವದ ಮೇಲಿನ ದಾರಿಯಲ್ಲಿ ಬಂದರೆಂದು ಪತ್ರಿಕೆಗಳೆಲ್ಲ ಕೊಂಡಾಡಿದವು. ಕೊಂಡಾಡತಕ್ಕ ಕೆಲಸವೇ ಅದು. ವೇಳಾಪಟ್ಟಿಯ ಪ್ರಕಾರ ಅಲ್ಲಿಯ ರಾತ್ರಿ 8.30ಕ್ಕೆ ಹೊರಟು 11ನೆಯ ತಾರೀಖು ಬೆಳಗಿನ ಜಾವ 3.45ಕ್ಕೆ ಇಲ್ಲಿ ಇಳಿಯಬೇಕಿತ್ತು. ಎಂಟನೆಯ ತರಗತಿಯ ಹುಡುಗರಿಗೆ ಕೊಡಬಹುದಾದ ಸೊಗಸಾದ ಲೆಕ್ಕವಿದು. ಗಡಿಯಾರದ ಮುಳ್ಳನ್ನಷ್ಟೇ ನಂಬಿದರೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ನಮಗೂ ಕ್ಯಾಲಿಫೋರ್ನಿಯಾಗೂ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಅದನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ಮುಕ್ಕಾಲು ಗಂಟೆಯನ್ನು ಜನ ಬಿಟ್ಟುಬಿಟ್ಟರು, ಹದಿನೇಳು ಮಾತ್ರ ಉಳಿಯಿತು.

ಇನ್ನು ದೂರ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 13,990 ಕಿಲೋಮೀಟರ್. ಇದನ್ನು ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಅಡ್ಡಪಟ್ಟಿ ಇಟ್ಟು ಅಳೆಯಲು ಹೋದರೆ ಕೆಡುತ್ತೇವೆ. ಶಾಲೆಯ ಹಳೆಯ ಭೂಗೋಳದ ಗುಂಡೊಂದು ಸಿಕ್ಕರೆ ಬೆಂಗಳೂರಿನ ಮೇಲೆ ಒಂದು ಬೆರಳು, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ಬೆರಳಿಟ್ಟು ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಪೂರ್ವಕ್ಕೆ ಜಪಾನಿನ ಕಡೆಗೂ ಹೋಗುವುದಿಲ್ಲ, ಪಶ್ಚಿಮಕ್ಕೆ ಲಂಡನ್ನಿನ ಕಡೆಗೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಏರುತ್ತದೆ. ನೇಪಾಳ, ಟಿಬೆಟ್ ದಾಟಿ, ಮಂಗೋಲಿಯದ ಅಂಚನ್ನು ಸವರಿ, ಸೈಬೀರಿಯದ ಉದ್ದಕ್ಕೂ ಸಾಗಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹೋಗಿ, ಅಲಾಸ್ಕದ ಮೇಲೆ ಬಾಗಿ ಇಳಿಯುತ್ತದೆ. ಇದೇ ಅತ್ಯಂತ ಹತ್ತಿರದ ದಾರಿ.

ಸರಿಯಾಗಿ ಧ್ರುವದ ನೆತ್ತಿಯ ಮೇಲೇ ಹಾದುಹೋದರೆ ಎಷ್ಟಾದೀತು? ಇದಕ್ಕೆ ದಾರವೂ ಬೇಡ, ಕಾಗದ ಸಾಕು. ಬೆಂಗಳೂರು ನಿಲ್ದಾಣ 13.2 ಡಿಗ್ರಿ ಉತ್ತರದಲ್ಲಿದೆ, ಧ್ರುವಕ್ಕೆ ಅಲ್ಲಿಂದ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 37.6 ಡಿಗ್ರಿ ಉತ್ತರದಲ್ಲಿದೆ, ಧ್ರುವದಿಂದ ಅಲ್ಲಿಗೆ 52.4. ಕೂಡಿದರೆ 129.2 ಡಿಗ್ರಿ. ಡಿಗ್ರಿಗೆ 111.2 ಕಿಲೋಮೀಟರಿನಂತೆ ಗುಣಿಸಿದರೆ ಸುಮಾರು 14,370. ಅಂದರೆ ಧ್ರುವವನ್ನು ನೋಡಿಕೊಂಡು ಬರುವುದಕ್ಕೆ ತಗಲುವ ಹೆಚ್ಚಿನ ದೂರ ಕೇವಲ 380 ಕಿಲೋಮೀಟರ್, ಹಾಸನದಿಂದ ಬೆಂಗಳೂರಿಗೆ ಹೋಗಿಬಂದಷ್ಟು! ಅದೇ ನಾವು ಭೂಪಟದ ಗೆರೆಯನ್ನು ನಂಬಿ ಹದಿಮೂರನೆಯ ಅಕ್ಷಾಂಶದ ಮೇಲೆಯೇ ಪೂರ್ವಕ್ಕೆ ಹೋಗಿ, ಆಮೇಲೆ ಉತ್ತರಕ್ಕೆ ತಿರುಗಿದರೆ 20,000 ಕಿಲೋಮೀಟರ್ ಆಗುತ್ತದೆ. ಚಪ್ಪಟೆ ಕಾಗದದಿಂದ ಗುಂಡಿನ ಪಾಠವನ್ನು ಹೇಳಿಕೊಡುವುದು ಎಷ್ಟು ಕಷ್ಟವೆಂದು ಮೂವತ್ತು ವರ್ಷ ಅನುಭವಿಸಿದವನು ನಾನು.

ಆದರೆ ಹತ್ತಿರದ ದಾರಿಯಲ್ಲಿ ವಿಮಾನ ಹೋಗುವುದು ಅಪರೂಪ. ಟಿಬೆಟ್ಟಿನ ಮೇಲೆ ಹಾರಲು ವಿಮಾನಗಳು ಹಿಂದೇಟು ಹಾಕುತ್ತವೆ. ಕಾರಣ ಸರಳವಾದದ್ದು. ಒಳಗಿನ ಗಾಳಿಯ ಒತ್ತಡ ಏನಾದರೂ ತಪ್ಪಿದರೆ ವಿಮಾನವು ತಕ್ಷಣ 10,000 ಅಡಿಗೆ ಇಳಿದು ಪ್ರಯಾಣಿಕರಿಗೆ ಉಸಿರಾಡುವ ಗಾಳಿ ಕೊಡಬೇಕು. ಅಲ್ಲಿ ನೆಲವೇ ಹದಿನಾಲ್ಕು ಹದಿನೈದು ಸಾವಿರ ಅಡಿ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಧ್ರುವದ ಕಡೆ ಹೋದರೆ ಬೇರೆ ಕಷ್ಟ. ಸಾಮಾನ್ಯವಾಗಿ ಬಳಸುವ ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಆದ್ದರಿಂದ ತೊಟ್ಟಿಯ ಶಾಖವನ್ನು ನೋಡುತ್ತಲೇ ಹಾರಬೇಕು. ಕಾಂತದ ದಿಕ್ಸೂಚಿ ಆ ಪ್ರದೇಶದಲ್ಲಿ ನಂಬಿಕೆಗೆ ಯೋಗ್ಯವಲ್ಲ.

ಇವೆಲ್ಲಕ್ಕಿಂತ ಮಿಗಿಲಾದುದು ಗಾಳಿ. ಮೇಲಿನ ಆಕಾಶದಲ್ಲಿ, ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಗಾಳಿ ಹರಿಯುತ್ತಿರುತ್ತದೆ. ಭೂಮಿಯೂ ಅದೇ ದಿಕ್ಕಿಗೆ ತಿರುಗುತ್ತದಾದ್ದರಿಂದ ಪೂರ್ವಕ್ಕೆ ಹೊರಟ ವಿಮಾನಕ್ಕೆ ಗುರಿ ದೂರ ಸರಿಯಬೇಕಲ್ಲವೇ ಎಂದು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಿದ್ದ. ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ, ನಿಂತ ಬಸ್ಸಿನೊಳಗಾಗಲಿ ಓಡುವ ಬಸ್ಸಿನೊಳಗಾಗಲಿ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ನಡೆದುಬರಲು ಅಷ್ಟೇ ಹೆಜ್ಜೆ ಬೇಕು ಎಂದು ಹೇಳಿ ಒಪ್ಪಿಸುತ್ತಿದ್ದೆ. ಲೆಕ್ಕಕ್ಕೆ ಬರುವುದು ಭೂಮಿಗಿಂತ ವೇಗವಾಗಿ ಹರಿಯುವ ಈ ಮೇಲುಗಾಳಿ ಮಾತ್ರ.

ಇದಕ್ಕೊಂದು ಚೆಂದದ ಉದಾಹರಣೆಯಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 2015ರ ಕೊನೆಯಲ್ಲಿ ಏರ್ ಇಂಡಿಯಾ ನೇರ ವಿಮಾನ ಆರಂಭಿಸಿದಾಗ ಅಟ್ಲಾಂಟಿಕ್ ಸಾಗರದ ಕಡೆಯಿಂದ ಹೋಗುತ್ತಿತ್ತು. ಅದರ ದೂರ ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ಕಡೆಯಿಂದ ಹಾರಿಸಿ ನೋಡಿದರು. ಅದು 15,300 ಕಿಲೋಮೀಟರ್, ಸಾವಿರದ ನಾನೂರು ಕಿಲೋಮೀಟರ್ ಸುತ್ತು. ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲು! ಗಾಳಿ ಬೆನ್ನಿಗಿತ್ತು, ಅಷ್ಟೇ. ದೂರ ಹೆಚ್ಚಿದರೆ ಕಾಲ ಹೆಚ್ಚುತ್ತದೆ ಎಂಬ ನಮ್ಮ ಪಾಠಪುಸ್ತಕದ ಸೂತ್ರಕ್ಕೆ ಆಕಾಶದಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ.

ಗಾಳಿಯಂತೆಯೇ ರಾಜಕಾರಣವೂ ಬೀಸುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾದ ಮೇಲೆ ಅಮೆರಿಕದ ವಿಮಾನ ಕಂಪನಿಗಳಿಗೆ ರಷ್ಯದ ಆಕಾಶ ಮುಚ್ಚಿತು. ಮೇಲೆ ಹೇಳಿದ ದಾರದ ದಾರಿಯಲ್ಲಿ ಬಹುಪಾಲು ಸೈಬೀರಿಯವೇ. ಯುನೈಟೆಡ್ ಕಂಪನಿ ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೋದಿಂದಲೂ, ಅಮೆರಿಕನ್ ಕಂಪನಿ ಸಿಯಾಟಲಿನಿಂದಲೂ ನೇರ ವಿಮಾನ ತರುವುದಾಗಿ ಸಾರಿದ್ದವು. ಎರಡೂ ಹಾರಲೇ ಇಲ್ಲ. ನಮ್ಮ ದೇಶದ ವಿಮಾನಗಳಿಗೆ ರಷ್ಯದ ಆಕಾಶ ತೆರೆದೇ ಇತ್ತಾದರೂ ಅದರಲ್ಲಿಯೂ ಅಪಾಯ ಇಲ್ಲದಿಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಮಗದಾನ್ ಎಂಬಲ್ಲಿ ಇಳಿಯಿತು. 216 ಪ್ರಯಾಣಿಕರು. ಅವರನ್ನು ಕರೆದೊಯ್ಯಲು ಇನ್ನೊಂದು ವಿಮಾನ ಬರುವವರೆಗೆ ಶಾಲೆಯೇ ಮೊದಲಾದ ಕಡೆ ಹಾಸಿಗೆ ಹಾಸಿ ಮಲಗಿಸಬೇಕಾಯಿತು. ಶಾಲೆಗಳು ಎಲ್ಲ ದೇಶಗಳಲ್ಲಿಯೂ ಚುನಾವಣೆಗೂ ಆಪತ್ತಿಗೂ ಒದಗುವ ಕಟ್ಟಡಗಳು ಎಂದು ಆ ಸುದ್ದಿ ಓದಿದಾಗ ನನಗನ್ನಿಸಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳ ವೇಳೆಯೆಲ್ಲ ಏರುಪೇರಾಯಿತು. ಊರುಗಳು ಸರಿದಿರಲಿಲ್ಲ, ಕಿಲೋಮೀಟರು ಬದಲಾಗಿರಲಿಲ್ಲ.

ನೇರ ವಿಮಾನವೆಂಬುದು ನಿತ್ಯದ ಸೌಕರ್ಯವೆಂದೂ ಭಾವಿಸುವಂತಿಲ್ಲ. ಅದು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ, ಇದ್ದಾಗಲೂ ವಾರದ ಎಲ್ಲ ದಿನ ಇರುವುದಿಲ್ಲ. ನಮ್ಮ ಕಡೆಯ ಬಹುಪಾಲು ಜನ ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ ಮುಂತಾದ ಕಡೆ ಒಮ್ಮೆ ಇಳಿದು ಹತ್ತಿಯೇ ಹೋಗಿಬರುತ್ತಾರೆ. ಆಗ ಹದಿನೇಳು ಎಂಬುದು ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತಾರು ಆಗುತ್ತದೆ.

ಈಗ ನಮ್ಮ ಹೊಸ್ತಿಲಿಗೆ ಬರೋಣ. ಅರಕಲಗೂಡಿನಿಂದ ಹಾಸನಕ್ಕೆ ಮೂವತ್ತು ಕಿಲೋಮೀಟರಿನಷ್ಟು. ರೈಲಿಲ್ಲ. ಹೊಳೆನರಸೀಪುರಕ್ಕೆ ರೈಲಿದ್ದರೂ ಅದು ಮೈಸೂರು ಹಾಸನಗಳ ನಡುವಿನ ದಾರಿ. ಹಾಸನದಿಂದ ಬೆಂಗಳೂರಿಗೆ 185 ಕಿಲೋಮೀಟರ್, ನಡುವೆ ಚನ್ನರಾಯಪಟ್ಟಣ. ಹೆದ್ದಾರಿ ಚೆನ್ನಾಗಿದೆ, ನಿಜ. ನಾವು ಕಾಲೇಜಿಗೆ ಹೋಗುತ್ತಿದ್ದ ಕಾಲದ ಕೆಂಪು ಬಸ್ಸಿನ ಪ್ರಯಾಣವನ್ನು ನೆನೆದರೆ ಈಗಿನದು ಸ್ವರ್ಗ. ಆದರೆ ವಿಮಾನ ನಿಲ್ದಾಣ ಬೆಂಗಳೂರಿನ ಈಚೆಗಿಲ್ಲ, ಆಚೆಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ ನಮ್ಮವರು ನೆಲಮಂಗಲದಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗುವುದನ್ನು ಕಲಿತರು. ಅರಕಲಗೂಡಿನ ಮನೆಯಿಂದ ನಿಲ್ದಾಣದ ಬಾಗಿಲಿಗೆ ಐದು ಗಂಟೆಯೆಂದು ಹಿಡಿಯಿರಿ. ಮೂರು ಗಂಟೆ ಮೊದಲೇ ಇರಬೇಕು. ದಾರಿಯಲ್ಲಿ ಏನಾದರೂ ಆದೀತೆಂದು ಹೆದರಿ ಇನ್ನೂ ಒಂದೆರಡು ಗಂಟೆ ಮೊದಲು ಹೊರಡುವುದು ನಮ್ಮ ಜನರ ಸ್ವಭಾವ. ಆಚೆ ಇಳಿದಮೇಲೆ ವಲಸೆ ತಪಾಸಣೆ, ಪೆಟ್ಟಿಗೆ, ಕಾರು ಎಂದು ಎರಡು ಮೂರು ಗಂಟೆ. ನೇರ ವಿಮಾನದಲ್ಲಿಯೇ ಇಪ್ಪತ್ತೇಳು ಇಪ್ಪತ್ತೆಂಟು ಗಂಟೆಗೆ ಕಡಿಮೆಯಿಲ್ಲ. ಇಳಿದು ಹತ್ತುವ ದಾರಿಯಾದರೆ ಮೂವತ್ತೈದರ ಸುಮಾರು. ಹದಿನೇಳರ ಎರಡರಷ್ಟು.

ಹಾಗಾದರೆ ಹಾಸನಕ್ಕೇ ವಿಮಾನ ನಿಲ್ದಾಣ ಬಂದರೆ ಈ ತೊಂದರೆ ತೀರುತ್ತದಲ್ಲ ಎಂದು ಹಲವರು ವಾದಿಸುತ್ತಾರೆ. ಬೂವನಹಳ್ಳಿಯ ನಿಲ್ದಾಣಕ್ಕೆ ಶಂಕುಸ್ಥಾಪನೆಯಾದದ್ದು 2007ರಲ್ಲಿ. ಆಮೇಲೆ ಅದು ಎಷ್ಟು ವರ್ಷ ಬೇಲಿಯೊಳಗಿನ ಹುಲ್ಲುಗಾವಲಾಗಿ ಉಳಿಯಿತು, ಎಷ್ಟು ಚುನಾವಣೆಗಳ ಭಾಷಣಕ್ಕೆ ವಸ್ತುವಾಯಿತು ಎಂಬುದನ್ನು ನಮ್ಮ ಜಿಲ್ಲೆಯ ಓದುಗರಿಗೆ ಹೇಳಬೇಕಾಗಿಲ್ಲ. ನಾನು ಅದರ ವಿರೋಧಿಯಲ್ಲ. ಕಾಫಿ ಸೀಮೆಗೂ ಬೇಲೂರು ಹಳೇಬೀಡಿನ ಪ್ರವಾಸಿಗಳಿಗೂ ಉಪಯೋಗವಾದೀತು. ಆದರೆ ಎಪ್ಪತ್ತು ಆಸನದ ಚಿಕ್ಕ ವಿಮಾನವೊಂದು ದಿನಕ್ಕೊಮ್ಮೆ ಬಂದುಹೋದರೆ ಅಮೆರಿಕದ ದಾರಿ ಎಷ್ಟು ಮೊಟಕಾದೀತು? ನಮ್ಮ ಮಕ್ಕಳು ಹತ್ತುವ ದೂರದ ವಿಮಾನಗಳಲ್ಲಿ ಬಹುಪಾಲು ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಹಗಲಿನ ಚಿಕ್ಕ ವಿಮಾನದಲ್ಲಿ ಹೋಗಿ ದೇವನಹಳ್ಳಿಯಲ್ಲಿ ಎಂಟು ಗಂಟೆ ಕುಳಿತರೆ ಉಳಿತಾಯವೇನು? ಹಾಸನದಿಂದ ಚನ್ನರಾಯಪಟ್ಟಣದ ಮೇಲೆ, ವಿಮಾನಗಳ ಹೊತ್ತಿಗೆ ಹೊಂದಿಕೊಂಡು, ರಾತ್ರಿಯೂ ನಂಬಿ ಹೊರಡಬಹುದಾದ ಬಸ್ಸುಗಳು ಸಾಕಷ್ಟು ಸಂಖ್ಯೆಯಲ್ಲಿ ಓಡಿದರೆ ಅದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ. 1996-97ರಲ್ಲಿ ಮಂಜೂರಾದ ಹಾಸನ ಬೆಂಗಳೂರು ರೈಲು ದಾರಿ ಮುಗಿದದ್ದು 2017ರ ಮಾರ್ಚಿನಲ್ಲಿ, ಇಪ್ಪತ್ತು ವರ್ಷ ಕಳೆದಮೇಲೆ. ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬರುವ ಆ ರೈಲು ಯಶವಂತಪುರಕ್ಕೆ ಬಿಡುತ್ತದೆ. ದೇವನಹಳ್ಳಿ ನಿಲ್ದಾಣದ ಬಳಿಯೂ 2021ರ ಜನವರಿಯಲ್ಲಿಯೇ ಒಂದು ರೈಲು ತಂಗುದಾಣ ತೆರೆಯಿತು. ಇವೆರಡರ ವೇಳೆಯನ್ನು ಜೋಡಿಸಲು ಹೊಸ ಹಳಿಯೂ ಬೇಡ, ಶಂಕುಸ್ಥಾಪನೆಯೂ ಬೇಡ. ಶಂಕುಸ್ಥಾಪನೆಯಿಲ್ಲದ ಕೆಲಸದಲ್ಲಿ ಯಾರಿಗೆ ಆಸಕ್ತಿ ಎಂಬುದು ಬೇರೆ ಮಾತು.

ಆಕಾಶದ ವಿಷಯದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದದ್ದೇನೂ ಅಲ್ಲ. ಹೇಮಾವತಿ ದಂಡೆಯ ಗೊರೂರಿನಿಂದ ಅಮೆರಿಕಕ್ಕೆ ಹೋಗಿಬಂದ ರಾಮಸ್ವಾಮಿ ಅಯ್ಯಂಗಾರ್ಯರು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದೇ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರನ್ನು ವಿಮಾನ ಹತ್ತಿಸಿದರು. ಒಂದೇ ಹಳ್ಳಿ! ಹಾಸನದಲ್ಲಿಯೇ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿಂದ 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಸಂಕೇತ ಹೋಗಿ ಮರಳುವುದಕ್ಕೆ ಕಾಲು ಸೆಕೆಂಡು ಸಾಕು. ಶಾಲೆಯ ಮಕ್ಕಳನ್ನು ಆ ಕಡೆ ಕರೆದೊಯ್ದಾಗಲೆಲ್ಲ ಈ ಲೆಕ್ಕವನ್ನು ನಾನು ಹೇಳುತ್ತಿದ್ದೆ.

ಈ ಕಾಲು ಸೆಕೆಂಡೇ ನಮ್ಮನ್ನು ಮರುಳು ಮಾಡಿರುವುದು. ಕ್ಯಾಲಿಫೋರ್ನಿಯಾದ ಮಗ ದಿನವೂ ಫೋನಿನ ತೆರೆಯ ಮೇಲೆ ಬರುತ್ತಾನೆ. ಮೊಮ್ಮಗಳ ಹಲ್ಲು ಬಿದ್ದದ್ದು ಅದೇ ದಿನ ತಿಳಿಯುತ್ತದೆ. ಮಾತು ತಡವಿಲ್ಲದೆ ಬರುವಾಗ ಮನುಷ್ಯನೂ ಹಾಗೆಯೇ ಬರಬಲ್ಲನೆಂದು ಮನಸ್ಸು ತಾನಾಗಿಯೇ ನಂಬಿಬಿಡುತ್ತದೆ. ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ ಶಿಕಾಗೊ ಮುಟ್ಟುವಾಗ ಜುಲೈ ಮುಗಿಯುತ್ತಿತ್ತು. ಆ ಕಾಲದಲ್ಲಿ ದೂರಕ್ಕೆ ಹೋದವರನ್ನು ಮನೆಯವರು ದೂರದವರೆಂದೇ ತಿಳಿದು ಬಾಳಿನ ವ್ಯವಸ್ಥೆಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳುತ್ತಿದ್ದರು. ಈಗ ನಾವು ಹಾಗೆ ಮಾಡುತ್ತಿಲ್ಲ.

ಇದರ ಫಲ ಕಾಣುವುದು ಸಾವಿನ ಮನೆಯಲ್ಲಿ. ಕಟುವಾದ ವಿಷಯ, ಆದರೆ ನನ್ನ ವಯಸ್ಸಿನವರು ಮಾತನಾಡದಿದ್ದರೆ ಇನ್ಯಾರು ಮಾತನಾಡಬೇಕು? ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ನಾಲ್ಕೂ ಊರುಗಳಲ್ಲಿ ನಾನು ಹೋದ ಎಷ್ಟೋ ಸಾವಿನ ಮನೆಗಳಲ್ಲಿ ತಣ್ಣನೆಯ ಗಾಜಿನ ಪೆಟ್ಟಿಗೆಯನ್ನು ನೋಡಿದ್ದೇನೆ. "ಮಗ ಹೊರಟಿದ್ದಾನೆ, ಹದಿನೇಳು ಗಂಟೆ ತಾನೆ, ನಾಳೆ ಬೆಳಿಗ್ಗೆ ಬಂದುಬಿಡುತ್ತಾನೆ" ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಚಳಿಗಾಲದ ಸೋಮವಾರ ಬೆಳಿಗ್ಗೆ ಆರಕ್ಕೆ ಅರಕಲಗೂಡಿನಲ್ಲಿ ತಂದೆ ತೀರಿಕೊಂಡರೆ ಅಲ್ಲಿ ಭಾನುವಾರ ಸಂಜೆ ನಾಲ್ಕೂವರೆ. ಅದೃಷ್ಟವಶಾತ್ ಅದೇ ರಾತ್ರಿ ಹತ್ತರ ವಿಮಾನಕ್ಕೆ ಚೀಟಿ ಸಿಕ್ಕಿತೆನ್ನಿ, ಆಗ ನಮಗೆ ಸೋಮವಾರ ಹನ್ನೊಂದೂವರೆ. ಒಂದು ಕಡೆ ಇಳಿದು ಹತ್ತುವ ಇಪ್ಪತ್ತಮೂರು ಗಂಟೆಯ ದಾರಿಯಾದರೆ ದೇವನಹಳ್ಳಿಯಲ್ಲಿ ಇಳಿಯುವುದು ಮಂಗಳವಾರ ಬೆಳಿಗ್ಗೆ ಹತ್ತೂವರೆ. ಹೊರಗೆ ಬರಲು ಒಂದು ಗಂಟೆ, ರಸ್ತೆಯಲ್ಲಿ ಐದು ಗಂಟೆ. ಮನೆಯ ಬಾಗಿಲಿಗೆ ಬರುವಾಗ ಮಂಗಳವಾರ ಸಂಜೆ ನಾಲ್ಕೂವರೆ. ಮೂವತ್ತನಾಲ್ಕೂವರೆ ಗಂಟೆ, ಅದೂ ಎಲ್ಲವೂ ಎಣಿಸಿದಂತೆ ನಡೆದರೆ. ಕತ್ತಲಾಯಿತೆಂದು ಬುಧವಾರಕ್ಕೆ ಮುಂದೆ ಹೋಗುವುದೂ ಉಂಟು. ಅಷ್ಟರವರೆಗೆ ಎಪ್ಪತ್ತು ದಾಟಿದ ಹೆಂಡತಿ ಊಟ ನೀರಿಲ್ಲದೆ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿರುತ್ತಾಳೆ. ವಿದ್ಯುತ್ತು ಹೋದಾಗಲೆಲ್ಲ ಮನೆಯವರ ಮುಖ ನೋಡಬೇಕು. ವರ್ಷಗಟ್ಟಲೆ ಔಷಧಿ ಕುಡಿಸಿ ನೋಡಿಕೊಂಡ ಮಗಳು ಇದೇ ಊರಿನಲ್ಲಿದ್ದರೂ ಆಕೆಯ ಕೈಯಲ್ಲಿ ಬೆಂಕಿ ಕೊಡಿಸಲು ಯಾರಿಗೂ ತೋಚುವುದಿಲ್ಲ.

ಬರಲು ಹೊರಟವನ ಪಾಡೂ ಸುಖದ್ದಲ್ಲ. ಇಪ್ಪತ್ತಮೂರು ಗಂಟೆ ಕಿರಿದಾದ ಆಸನದಲ್ಲಿ ಒಬ್ಬನೇ ಕುಳಿತು, ಅಪರಿಚಿತರ ನಡುವೆ ಅಳಲೂ ಆಗದೆ ಬರುತ್ತಾನೆ. ಇದರ ಮೇಲೆ ಅವನ ವೀಸಾದ ಚಿಂತೆ. ಹೋದರೆ ಮರಳಿ ಒಳಗೆ ಬಿಟ್ಟಾರೋ ಇಲ್ಲವೋ! 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಡಿಸಿದಾಗ, ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಬರುವ ಮೊದಲೇ, ಊರಿಗೆ ಹೊರಟವರು ವಿಮಾನದಿಂದ ಇಳಿದುಹೋದರು, ಊರಿಗೆ ಬಂದಿದ್ದವರು ಹಬ್ಬ ಬಿಟ್ಟು ಓಡಿದರು. ಈ ದೂರವನ್ನು ಯಾವ ಗಂಟೆಯಲ್ಲಿ ಅಳೆಯುವುದು? ಕೊರೋನಾ ಕಾಲವನ್ನಂತೂ ಯಾರೂ ಮರೆತಿರಲಾರರು. 2020ರ ಮಾರ್ಚಿನಲ್ಲಿ ನಿಂತ ನಿಯಮಿತ ಅಂತಾರಾಷ್ಟ್ರೀಯ ವಿಮಾನಗಳು ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ಕ್ಕೆ. ಆ ಎರಡು ವರ್ಷಗಳಲ್ಲಿ ತಂದೆತಾಯಿಯ ಚಿತೆಯನ್ನು ಫೋನಿನಲ್ಲಿಯೇ ನೋಡಿದ ಮಕ್ಕಳು ನಮ್ಮ ತಾಲ್ಲೂಕುಗಳಲ್ಲಿಯೂ ಇದ್ದಾರೆ. ಧ್ರುವದ ಮೇಲೆ ಹಾರಿಬಂದ ವಿಮಾನವನ್ನು ನಾವು ಕೊಂಡಾಡಿದ್ದೂ ಅದೇ ಅವಧಿಯಲ್ಲಿಯೇ.

ಮಕ್ಕಳು ಹೋಗಬಾರದಿತ್ತು ಎಂಬ ರಾಗ ನನ್ನದಲ್ಲ. ಹೋಗಿ ಎಂದು ತರಗತಿಯಲ್ಲಿ ಪ್ರೋತ್ಸಾಹ ಕೊಟ್ಟವರೇ ನಾವು. ನಮ್ಮ ಊರುಗಳಲ್ಲಿ ಅವರ ಓದಿಗೆ ತಕ್ಕ ಕೆಲಸ ಇರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ನಾನು ಹೇಳುವುದಿಷ್ಟೇ: ದೂರವನ್ನು ಮೂವತ್ತೈದು ಗಂಟೆಯೆಂದು, ಕೆಲವೊಮ್ಮೆ ಎರಡು ದಿನವೆಂದು, ಕೆಲವೊಮ್ಮೆ ಬರಲಾಗದಷ್ಟು ಎಂದು ಬಾಯಿಬಿಟ್ಟು ಒಪ್ಪಿಕೊಂಡು ಆಮೇಲೆ ವ್ಯವಸ್ಥೆ ಮಾಡಿಕೊಳ್ಳೋಣ. ರಾತ್ರಿ ಎದೆನೋವು ಬಂದರೆ ಹಾಸನದ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವವರು ಯಾರು? ಇದನ್ನೆಲ್ಲ ಹದಿನೇಳು ಗಂಟೆಯ ಮೇಲೆ ಬಿಡಬಾರದು. ಪಕ್ಕದ ಮನೆಯ ಹುಡುಗನಿಗೆ ಒಂದು ಬೀಗದ ಕೈ ಕೊಟ್ಟಿರುವುದು ಹೆಚ್ಚು ಉಪಯೋಗದ್ದು. ಅಂತ್ಯಕ್ರಿಯೆಗೆ ಮಗನಿಗಾಗಿ ಕಾಯಬೇಕೇ ಬೇಡವೇ ಎಂಬುದನ್ನು ಬದುಕಿರುವಾಗಲೇ ಹಿರಿಯರು ಸ್ಪಷ್ಟವಾಗಿ ಹೇಳಿಬಿಡಬೇಕು. ಅವರು ಹೇಳದಿದ್ದರೆ ಆ ಹೊತ್ತಿನಲ್ಲಿ "ಕಾಯುವುದು ಬೇಡ" ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಶಾಸ್ತ್ರದ ಮಾತು ಎತ್ತುವವರಿಗೆ ಒಂದು ಪ್ರಶ್ನೆ. ಸತ್ತವರನ್ನು ಬೇಗ ಸಾಗಿಸಬೇಕೆಂಬುದೂ ನಮ್ಮ ಸಂಪ್ರದಾಯವೇ ಅಲ್ಲವೇ? ಎರಡರಲ್ಲಿ ಒಂದನ್ನು ಬಿಡಲೇಬೇಕಾದಾಗ ಮನೆಯಲ್ಲಿ ಉಳಿದಿರುವ ಮುದುಕಿಯ ಮುಖ ನೋಡಿ ತೀರ್ಮಾನಿಸುವುದು ಮೇಲು.

ನಮ್ಮ ಮನೆಯಲ್ಲಿ ಈ ಮಾತು ಎರಡು ವರ್ಷದ ಹಿಂದೆ ಆಗಿದೆ. ಮಗ ಮೊದಲು ಮುಖ ಸಿಂಡರಿಸಿದ, ಅವನ ತಾಯಿ ಎದ್ದು ಅಡಿಗೆಮನೆಗೆ ಹೋದಳು. ಮಾರನೆಯ ದಿನ ಮತ್ತೆ ಕುಳಿತು ಮಾತನಾಡಿದೆವು. ಹಗಲಾಗಿದ್ದರೆ ಅದೇ ದಿನ ಸೂರ್ಯಾಸ್ತದೊಳಗೆ, ರಾತ್ರಿಯಾಗಿದ್ದರೆ ಮರುದಿನ ಬೆಳಿಗ್ಗೆ. ಊರಿನಲ್ಲಿರುವ ಮಗಳೇ ಮಾಡತಕ್ಕದ್ದು. ಮಗ ಹನ್ನೊಂದನೆಯ ದಿನದೊಳಗೆ ಬಂದರೆ ಸಾಕು. ಎರಡು ಹಾಳೆಯಲ್ಲಿ ಬರೆದು ಸಹಿ ಮಾಡಿ ಒಂದನ್ನು ಮಗಳ ಬಳಿ, ಒಂದನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಆ ಕೊನೆಯ ಗಳಿಗೆಯ ದುಬಾರಿ ಚೀಟಿಗೆ ಕೊಡುವ ಹಣದಲ್ಲಿ ಮೊದಲೇ ಬಂದುಹೋಗು ಎಂದು ಹೇಳಿದೆ. ಈಗ ಸಂಕ್ರಾಂತಿ ಕಳೆದ ಮೇಲೆ, ರಜೆಯ ನೂಕುನುಗ್ಗಲು ಇಳಿದು ದರ ಕಡಿಮೆಯಾದಾಗ, ಎರಡು ವಾರಕ್ಕೆ ಬರುತ್ತಾನೆ. ಮೊದಲ ಮೂರು ದಿನ ಹಗಲೆಲ್ಲ ನಿದ್ದೆ, ರಾತ್ರಿ ಎರಡು ಗಂಟೆಗೆ ಎದ್ದು ಕಾಫಿ ಕಾಯಿಸಿಕೊಳ್ಳುತ್ತಾನೆ. ನನಗೂ ಆ ಹೊತ್ತಿಗೆ ಎಚ್ಚರವಾಗುವುದರಿಂದ ಇಬ್ಬರೂ ಕುಳಿತು ಕುಡಿಯುತ್ತೇವೆ.